ಅರಿಸಿನ ಹಚ್ಚಿದ ಲಕೋಟೆ

ಆ ಕಟ್ಟನ್ನು ಬೇಡ ಎಂದಿದ್ದರೆ ಆಗುತ್ತಿತ್ತು ಎಂದು ಮುದ್ದಯ್ಯನಿಗೆ ಅನ್ನಿಸಿದ್ದು ಅದನ್ನು ಬಿಚ್ಚಿ, ಹದಿನಾರು ಕಾಗದ ಓದಿ ಮುಗಿಸಿ, ಹದಿನೇಳನೆಯದು ಕೈಗೆ ಬಂದ ಮೇಲೆ. ಶನಿವಾರ, ಬೆಳಗಿನ ಸ್ಕೂಲು. ಹನ್ನೊಂದೂವರೆಗೆ ಗಂಟೆ ಹೊಡೆದಿತ್ತು. ಮಂಡ್ಯದ ಬಾಡಿಗೆ ಮನೆಯ ಜಗುಲಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದ. ಒಳಗಿಂದ ಹೆಂಡತಿ ಮಲ್ಲಿಗಮ್ಮ ಎರಡು ಸಲ ಊಟಕ್ಕೆ ಕರೆದಳು, ಮೂರನೆಯ ಸಲ ಕರೆಯಲಿಲ್ಲ, ತಟ್ಟೆ ಮುಚ್ಚಿಟ್ಟ ಸದ್ದು ಮಾತ್ರ ಕೇಳಿಸಿತು. ಬೀದಿಯಲ್ಲಿ ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕಾಗದ ಮಾತ್ರ ಕೈಯಲ್ಲೇ ಇತ್ತು. ಬರೆದವರ ಅಕ್ಷರ ಅವನಿಗೆ ಹನ್ನೆರಡನೆಯ ವಯಸ್ಸಿನಿಂದ ಗೊತ್ತು. ಬಲಕ್ಕೆ ವಾಲುವ, ಕೊನೆಯಲ್ಲಿ ಬಾಲ ಎಳೆಯುವ ಆ ಅಕ್ಷರವನ್ನು ನೋಡಿ ನೋಡಿ ಇವನ ಅಕ್ಷರವೂ ಬಲಕ್ಕೇ ವಾಲಿಕೊಂಡಿತ್ತು.

ಕಟ್ಟು ತಂದುಕೊಟ್ಟವನು ಜಹಾಂಗೀರ್. ಡಿ.ಸಿ. ಆಫೀಸಿನ ಗುಮಾಸ್ತ, ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ನಿನ್ನೆ ಸ್ಕೂಲಿನ ಹುಣಿಸೆಮರದ ಕೆಳಗೆ ಸೈಕಲ್ಲು ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, ಚೀಲದಿಂದ ತೆಗೆದಿದ್ದ. "ಲೇ ಮುದ್ದ, ಯುದ್ಧದ ಕಾಲ ಕಣ್ಲಾ. ಜಪಾನಿನೋರು ರಂಗೂನ್ ತಕಂಡವ್ರಂತೆ. ಪರಂಗಿ ಜನದ ಕಾಗ್ದ ಎಲ್ಲಾ ತಡ್ದು, ಓದ್ಸಿ, ಇಂಗ್ಲೀಷ್ನಾಗೆ ವರದಿ ಕಳುಸ್ಬೇಕು ಅಂತ ಆರ್ಡರ್ ಬಂದದೆ. ಫ್ರೆಂಚು ಅಂದ್ರೆ ಜಿಲ್ಲೇಲಿ ನಿನ್ ಬುಟ್ರೆ ಇನ್ಯಾವನವ್ನೆ?"

"ಯಾರ ಕಾಗದ?"

"ಇನ್ಯಾರ್ದು? ಮಳವಳ್ಳಿ ಕಡೆ ನಿಮ್ ಗಡ್ಡದ ಸ್ವಾಮೀದು." ಜಹಾಂಗೀರ್ ದನಿ ತಗ್ಗಿಸಿದ. "ನಿನ್ ಗುರು ಅಂತ ಸಾಹೇಬ್ರಿಗೆ ನಾನ್ ಏಳಿಲ್ಲ ಕಣಪ್ಪ. ನೀನೂ ಏಳ್ಬೇಡ. ಏನೂ ಇರಲ್ಲ ಬುಡು, ಜಪ ತಪ ಅಂತ ಬರ್ದಿರ್ತಾರೆ. ಎರಡ್ ಸಾಲ್ ಗೀಚಿ ಕೊಟ್ಬುಡು."

ಒಲ್ಲೆ ಅನ್ನಬಹುದಿತ್ತು. ಗುರುವಿನ ಕಾಗದ ಕದ್ದು ಓದುವಷ್ಟು ಕೆಟ್ಟಿಲ್ಲ ಕಣೋ ಎಂದು ಒಂದು ಮಾತು ಹೇಳಿ, ತರಗತಿಗೆ ಹೋಗಿ, ಕ್ರಿಯಾಪದದ ಪಾಠ ಮಾಡಬಹುದಿತ್ತು. ತಾನು ಓದಿದರೆ ತನಗೆ ಫ್ರೆಂಚು ಕಲಿಸಿದ ಫಾದರ್ ಬೆರ್ನೋ ಬಚಾವು, ಮದರಾಸಿನಿಂದ ಬರುವ ಯಾವನೋ ಓದಿದರೆ ಏನೇನು ಹುಡುಕುತ್ತಾನೋ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ಅದು ಸುಳ್ಳು. ಸುಳ್ಳೆಂದು ಆಗಲೇ ಗೊತ್ತಿತ್ತು. ಕಟ್ಟಿಗೆ ಕೈ ಚಾಚುವಾಗ ಎದೆಯಲ್ಲಿ ಎದ್ದದ್ದು ಬೇರೆಯೇ ಒಂದು ಬಿಸಿ: ಅಂತೂ ನನ್ನ ಫ್ರೆಂಚು ಒಬ್ಬರಿಗಾದರೂ ಬೇಕಾಯಿತಲ್ಲ! ಹದಿನೆಂಟು ವರ್ಷ ಕಲಿತದ್ದು. ಮದರಾಸಿಗೆ ಹೋಗಿ ಎಂ.ಎ. ಪರೀಕ್ಷೆಗೆ ಕಟ್ಟಿ, ಊರಿಗೇ ಮೊದಲು ಪಾಸಾದದ್ದು. ಹಳೆಯ ಫ್ರೆಂಚರ ಪತ್ರಸಾಹಿತ್ಯದ ಮೇಲೆ ನಾಲ್ಕು ವರ್ಷ ಕೂತು ಬರೆದ ಪ್ರಬಂಧ, ಪಾಂಡಿಚೇರಿಯ ಒಂದು ಪತ್ರಿಕೆಯಲ್ಲಿ ಅಚ್ಚಾಗಿ, ಪ್ಯಾರಿಸಿನಿಂದ ಯಾರೋ ಮೆಚ್ಚಿ ಒಂದು ಕಾರ್ಡು ಬರೆದದ್ದು. ಆ ಕಾರ್ಡನ್ನು ಹೆಡ್‌ಮಾಸ್ಟರಿಗೆ ತೋರಿಸಿದಾಗ ಅವರು ಸ್ಟಾಂಪು ಕೇಳಿದ್ದರು, ತಮ್ಮ ಮಗನಿಗೆ. ಇವನು ಕಿತ್ತು ಕೊಟ್ಟಿದ್ದ.

ಮೊದಲ ಹದಿನಾರು ಕಾಗದಗಳಲ್ಲಿ ಏನಿತ್ತು? ಹಲ್ಲು ನೋವು. ಇಗರ್ಜಿಯ ಮಾಡಿನ ಹೆಂಚು ಒಡೆದದ್ದು. ಫ್ರಾನ್ಸಿನಲ್ಲಿ ಬದುಕಿದ್ದಾಳೋ ಸತ್ತಿದ್ದಾಳೋ ತಿಳಿಯದ ತಂಗಿಗೆ ಬರೆದ ನಾಲ್ಕು ಕಾಗದ. ನಾಲ್ಕರಲ್ಲೂ ಒಂದೇ ಪ್ರಶ್ನೆ. ಅವನ್ನು ಓದುವಾಗ ಮುದ್ದಯ್ಯನ ಕಣ್ಣು ಒದ್ದೆಯಾಗಿತ್ತು. ಜೊತೆಗೆ, ಅಯ್ಯೋ ಹಣೆಬರಹವೇ, ಶೈಲಿ ಎಷ್ಟು ಚೆನ್ನ, ನಮ್ಮ ಸ್ವಾಮಿಯ ವಾಕ್ಯ ಹೇಗೆ ನಿಧಾನಕ್ಕೆ ಬಂದು ಕೂರುತ್ತದೆ ನೋಡು ಎಂದೂ ಅನ್ನಿಸಿತ್ತು. ನಾಚಿಕೆಗೇಡಿ ಬುದ್ಧಿ. ಹದಿನೇಳನೆಯದು ಪಾಂಡಿಚೇರಿಯಲ್ಲಿರುವ ಒಬ್ಬ ಗೆಳೆಯ ಪಾದ್ರಿಗೆ ಬರೆದದ್ದು. ಎರಡನೆಯ ಪುಟದ ನಡುವೆ ಇವನ ಹೆಸರು ಕಂಡಿತು, ಮನೆಯವರ ಹೆಸರು ಕಂಡಂತೆ ಹಿಗ್ಗಿ ಓದಿದ.

"ಮೈಸೂರಿನ ಕಾಲೇಜಿನವರು ಫ್ರೆಂಚು ಮೇಷ್ಟರ ಕೆಲಸಕ್ಕೆ ನನ್ನ ಮುದ್ದಯ್ಯನ ಬಗ್ಗೆ ಮತ್ತೆ ಕೇಳಿದ್ದಾರೆ. ಹಿಂದೆ ಮೂರು ಸಲ ಕೇಳಿದಾಗಲೂ ಒಂದೇ ಮಾತು ಬರೆದೆ: ನೆನಪಿನ ಶಕ್ತಿ ಉಂಟು, ವಿವೇಚನೆ ಇಲ್ಲ, ಒಕ್ಕಲು ಮಗ, ನಕಲು ಮಾಡಲು ಒಳ್ಳೆಯವನು, ತರುಣರ ಮುಂದೆ ಮೇಷ್ಟರಾಗಿ ನಿಲ್ಲಿಸುವಂಥವನಲ್ಲ. ಅವನು ಹೋಗಿಬಿಟ್ಟರೆ ನನ್ನ ನಿಘಂಟಿಗೆ ಮಾತು ತಂದುಕೊಡುವವರು ಯಾರು? ಇನ್ನೂ ಅರ್ಧ ಬಾಕಿ ಇದೆ. ಈಗ ನಾಲ್ಕನೆಯ ಸಲ ಬರೆಯಲು ಕೂತು ಮೂರು ಹಾಳೆ ಹರಿದೆ. ನನಗಾಗಿ ಪ್ರಾರ್ಥಿಸು."

ಇನ್ನೊಂದು ಸಲ ಓದಿದ. ಪದಕ್ಕೆ ಬೇರೆ ಅರ್ಥವೇನಾದರೂ ಇದೆಯೇ ಎಂದು, ಪರೀಕ್ಷೆಯ ಹುಡುಗನ ಹಾಗೆ, ಮೂರನೆಯ ಸಲ ಓದಿದ. ಇರಲಿಲ್ಲ. ಭಾನುವಾರ ಭಾನುವಾರ ಹನ್ನೊಂದು ವರ್ಷ! ಚೀಟಿ ಚೀಟಿ ಮಾತು ಹೊತ್ತದ್ದು. ಆಲೆಮನೆಯ ಮಾತು, ಬಾಣಂತಿಕೋಣೆಯ ಮಾತು, ಹಸು ಕಟ್ಟುವ ಹಗ್ಗದ ಒಂದೊಂದು ಗಂಟಿನ ಹೆಸರು. ನಿಡಘಟ್ಟದಲ್ಲಿ ಅವ್ವ ಒರಳಿನ ಮುಂದೆ ಕೂತು ಬಯ್ಯುವಾಗ ಇವನು ಜೇಬಿನಿಂದ ಪೆನ್ಸಿಲು ತೆಗೆದು, ಇನ್ನೊಂದ್ಸಲ ಬಯ್ಯವ್ವ ಎಂದು ಬರೆದುಕೊಂಡದ್ದು. ತಂದ ಚೀಟಿಗೆ ಫಾದರ್ ಬೆರ್ನೋ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸುವಾಗ, ಮಗುವಿಗೆ ಕಾಡಿಗೆ ಹಚ್ಚುವಷ್ಟು ಜೋಪಾನ. ಮೆಲ್ಲಗೆ, ಮುದ್ದಯ್ಯ, ಒಂದು ಸಾಲನ್ನೂ ಬಿಡಬಾರದು, ಬಿಟ್ಟ ಸಾಲು ಹೇಳಿದ ಸುಳ್ಳಿಗಿಂತ ಕೆಟ್ಟದ್ದು. ಹಾಗೆಂದೇ ಕಲಿಸಿದ್ದು ಅವರು. ಒಂದು ಸಾಲನ್ನೂ ಬಿಡದೆ ಕತ್ತು ಕುಯ್ದಿದ್ದಾರಲ್ಲ, ಮಹಾನುಭಾವರು.

ಮೂರು ಸಲವೂ ಆ ಕಾಗದವನ್ನು ಹೊತ್ತುಕೊಂಡು ಹೋದವನು ತಾನೇ. ನೆನೆಸಿಕೊಂಡರೆ ಮೈ ಉರಿಯುವುದು ಇದಕ್ಕೆ. ಶಿಫಾರಸು ಪತ್ರ ಅಂಚೆಯಲ್ಲಿ ಹೋಗುವ ವಾಡಿಕೆಯಿಲ್ಲ. ಅರಗಿನ ಮುದ್ರೆ ಒತ್ತಿದ ಲಕೋಟೆಯನ್ನು ಅಭ್ಯರ್ಥಿಯೇ ಒಯ್ದು, ಪ್ರಿನ್ಸಿಪಾಲರ ಕೈಗೆ ಕೊಟ್ಟು, ಎದುರಿಗೆ ನಿಂತಿರಬೇಕು. ಫಾದರ್ ಕೊಟ್ಟ ಲಕೋಟೆಯನ್ನು ನೇರ ಮೈಸೂರಿಗೆ ಒಯ್ಯದೆ ಮೊದಲು ನಿಡಘಟ್ಟಕ್ಕೆ ಒಯ್ಯುತ್ತಿದ್ದ. ಅವ್ವ ದೇವಿರಮ್ಮ ಅದನ್ನು ಮನೆದೇವರ ಗೂಡಿನಲ್ಲಿಟ್ಟು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಮೂರು ಸಲ ಕಣ್ಣಿಗೊತ್ತಿ, ತನ್ನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದಳು. ಮದ್ದೂರಿನಲ್ಲಿ ರೈಲು ಹತ್ತಿದರೆ ಮೈಸೂರು ಬರುವವರೆಗೂ ಇವನ ಕೈ ಎದೆಯ ಮೇಲೆ. ಫ್ರೆಂಚರ ಎರಡು ಮೂರು ನೂರು ವರ್ಷದ ಕಾಗದಗಳನ್ನೆಲ್ಲ, ಯಾರು ಯಾರಿಗೆ ಏನನ್ನು ಮುಚ್ಚಿಟ್ಟು ಏನನ್ನು ಬರೆದರು ಎಂದೆಲ್ಲ, ಬಿಚ್ಚಿ ಬಿಚ್ಚಿ ಬರೆದ ಪಂಡಿತ! ಎದೆಗೊತ್ತಿಕೊಂಡ ಕಾಗದವನ್ನು ಮಾತ್ರ ಬಿಸಿಲಿಗೆ ಹಿಡಿದೂ ನೋಡಲಿಲ್ಲ. ನೋಡುವ ಯೋಚನೆಯೇ ಬರಲಿಲ್ಲ. ಮೂರನೆಯ ಸಲ ಪ್ರಿನ್ಸಿಪಾಲರು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು, ಇದೇನಯ್ಯಾ ಹಳದಿ ಎಂದು ಕೇಳಿ, ಒಡೆದು ಓದಿ, ಇವನ ಕಡೆ ನೋಡಿದ್ದರು. ಆ ನೋಟವನ್ನು ಇವನು ವರ್ಷಗಟ್ಟಲೆ ಮೆಚ್ಚುಗೆ ಎಂದುಕೊಂಡಿದ್ದ. ಕೆಲಸ ಮದರಾಸಿನವನಿಗೆ ಆಯಿತು, ಏನೋ ಅವರ ಅಡಚಣೆ ಅವರಿಗೆ, ಆದರೆ ನನ್ನ ಕಡೆ ಹೇಗೆ ನೋಡಿದರು ಗೊತ್ತೇ ಎಂದು ಮಲ್ಲಿಗಮ್ಮನ ಮುಂದೆ ಹೇಳಿಕೊಂಡಿದ್ದ ಕೂಡ. ಥೂ. ಅದು ಕನಿಕರ. ತನ್ನ ಮೇಲಿನ ಚಾಡಿಯನ್ನು ತಾನೇ ಅರಿಸಿನ ಹಚ್ಚಿಸಿಕೊಂಡು ತಂದು ಕೈಕಟ್ಟಿ ನಿಂತ ಪೆದ್ದನ ಮೇಲೆ ಯಾರಿಗಾದರೂ ಹುಟ್ಟುವ ಕನಿಕರ.

"ಊಟ ಆರೋಯ್ತು," ಎಂದಳು ಮಲ್ಲಿಗಮ್ಮ, ಬಾಗಿಲ ಹಿಂದಿನಿಂದ.

"ನೀನು ಉಣ್ಣು. ಸರ್ಕಾರದ ಕೆಲಸ."

ಬಿಳಿ ಹಾಳೆ ತೆಗೆದು ಇಂಗ್ಲಿಷಿಗೆ ಇಳಿಸತೊಡಗಿದ. ಹಲ್ಲು ನೋವು, ಹೆಂಚು, ತಂಗಿ. ಕೈ ತಾನೇ ತಾನಾಗಿ ಓಡಿತು, ಬಲಕ್ಕೆ ವಾಲಿಕೊಂಡು. ಹದಿನೇಳನೆಯದಕ್ಕೆ ಬಂದಾಗ ಬಿಸಿಲು ಜಗುಲಿಯ ಅರ್ಧಕ್ಕೆ ಬಂದಿತ್ತು. ಅದರ ಮೂರನೆಯ ಪುಟದಲ್ಲಿ ಒಂದು ತಮಾಷೆಯ ಸಾಲಿತ್ತು, ಮೊದಲ ಓದಿನಲ್ಲಿ ನಕ್ಕು ಮುಂದೆ ಹೋಗಿದ್ದ: "ನಮ್ಮ ಅಂತೋಣಿಗೆ ಕರೆಂಟು ಲೈನಿನ ಕಾವಲು ಕೆಲಸ ಸಿಕ್ಕಿದೆ. ಭಾನುವಾರ ಬೆಳಿಗ್ಗೆ ಮಾತ್ರ ಪೂಜೆಗೆ ಓಡಿ ಬರುತ್ತಾನೆ. ಆ ಎರಡು ಗಂಟೆ ಸಾಮ್ರಾಜ್ಯದ ವಿದ್ಯುತ್ತನ್ನು ದೇವರೊಬ್ಬನೇ ಕಾಯುತ್ತಾನೆ." ಅಷ್ಟೇ. ಮುದುಕನೊಬ್ಬ ಮುದುಕನೊಬ್ಬನಿಗೆ ಬರೆದ ನಗೆ. ಆದರೆ ಯುದ್ಧದ ಕಾಲದಲ್ಲಿ, ಪಾಂಡಿಚೇರಿಗೆ ಹೊರಟ ಕಾಗದದಲ್ಲಿ, ಕರೆಂಟು ಲೈನಿಗೆ ಯಾವ ಹೊತ್ತು ಕಾವಲಿಲ್ಲ ಎಂದು ಪರಂಗಿಯೊಬ್ಬ ಬರೆದಿದ್ದಾನೆ ಎಂದರೆ ಏನಾಗುತ್ತದೆಂದು ಮುದ್ದಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕಳೆದ ತಿಂಗಳೇ ಒಬ್ಬ ಜರ್ಮನ್ ಗಡಿಯಾರದವನನ್ನು ಇದಕ್ಕಿಂತ ಕಡಿಮೆಗೆ ಮುಳ್ಳುತಂತಿಯ ಕ್ಯಾಂಪಿಗೆ ಒಯ್ದಿದ್ದರು. ಈ ಸಾಲು ಬಿಟ್ಟರೆ ಫಾದರ್ ಬಚಾವು, ಬರೆದರೆ ಹೋದರು. ಸುಳ್ಳು ಹೇಳಬೇಕಾಗಿಯೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು.

ಲೇಖನಿ ಎಷ್ಟು ಹೊತ್ತು ನಿಂತಿತೋ ಅವನಿಗೆ ತಿಳಿಯದು. ಒಂದು ಮಾತು ಮಾತ್ರ ಕಿವಿಯಲ್ಲಿತ್ತು, ವಿವೇಚನೆ ಇಲ್ಲ, ವಿವೇಚನೆ ಇಲ್ಲ. ಸರಿ ಸ್ವಾಮಿ, ಇಲ್ಲ. ನಕಲು ಮಾಡಲು ಒಳ್ಳೆಯವನು ತಾನೇ? ನಕಲು ಮಾಡುತ್ತೇನೆ. ಆ ಸಾಲನ್ನು ಬರೆದ. ನಗೆಯೂ ಸೋರಿ ಹೋಗದಂತೆ, ಎಷ್ಟು ಚೆನ್ನಾಗಿ ಬರೆದನೆಂದರೆ, ಜೀವಮಾನದಲ್ಲಿ ಅಂಥ ಅನುವಾದ ಅವನಿಂದ ಆಗಿರಲಿಲ್ಲ. ಇಡೀ ಕಟ್ಟಿನಲ್ಲಿ ಬಿಟ್ಟದ್ದು ಒಂದೇ ಒಂದು ಕಡೆ: ಎರಡನೆಯ ಪುಟದ ನಡುವೆ, ತನ್ನ ಹೆಸರಿದ್ದ ಆ ಐದಾರು ಸಾಲು. ಅದನ್ನು ಜಹಾಂಗೀರ್ ಓದುವುದು, ಸಾಹೇಬರು ಓದಿ ನಗುವುದು, ಅದು ಮಾತ್ರ ಬೇಡ. ಸಂಜೆ ಐದಕ್ಕೆ ಜಹಾಂಗೀರನ ಮನೆಗೆ ಹೋಗಿ ಕೊಟ್ಟು ಬಂದ. ಅವನ ಅಮ್ಮ ಮಹಬೂಬ್ ಬೀ ಚಾ ಕುಡಿಯಪ್ಪ ಎಂದರು, ಕುಡಿದ.

ಮರುದಿನ ಭಾನುವಾರ. ಹೋಗದೆ ಇರಬಹುದಿತ್ತು, ಆದರೆ ಆ ಮುಖ ನೋಡಬೇಕಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು, ಜನ ಇಳಿದು ತಳ್ಳಿ, ಮಳವಳ್ಳಿ ಮುಟ್ಟುವಷ್ಟರಲ್ಲಿ ಪೂಜೆ ಮುಗಿದಿತ್ತು. ಫಾದರ್ ಬೆರ್ನೋ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಗೋಂದಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು. ಗಡ್ಡ ಇನ್ನಷ್ಟು ತೆಳ್ಳಗಾಗಿತ್ತು. ಪಾದಗಳಲ್ಲಿ ಮುದ್ದಯ್ಯನೇ ಮದ್ದೂರಿನಿಂದ ತಂದುಕೊಟ್ಟ ಚಪ್ಪಲಿ. ಕೋಪ ಬರಲಿ, ಬರಲಿ ಎಂದು ಮುದ್ದಯ್ಯ ಕಾದ. ಚಪ್ಪಲಿ ನೋಡಿ ಅಳು ಬಂತು. ಹಾಳಾದ್ದು.

"ಬಾ ಮುದ್ದಯ್ಯ. ಈ ವಾರ ಏನು ತಂದಿದ್ದೀ?" ಫಾದರ್ ಬೆರ್ನೋ ಅವರ ಕನ್ನಡ ಅಚ್ಚಿನ ಕನ್ನಡ, ಒಂದೊಂದು ಅಕ್ಷರವನ್ನೂ ತೊಳೆದು ಇಡುತ್ತಾರೆ.

"ಏನೂ ತಂದಿಲ್ಲ ಸ್ವಾಮಿ."

"ಒಂದು ಚೀಟಿಯೂ ಇಲ್ಲವೇ?" ಮುದುಕರು ಬಟ್ಟಲಿನ ಮೇಲೆ ಮುಚ್ಚಳ ಇಟ್ಟರು. "ಇರಲಿ, ಇರಲಿ. ಇನ್ನು ಮೇಲೆ ಇದು ನನಗೆ ಅಭ್ಯಾಸವಾಗಬೇಕು."

ಮೇಜಿನ ಖಾನೆ ಎಳೆದು ಲಕೋಟೆ ತೆಗೆದರು. ಅರಗು ಹೊಸದು, ಕೆಂಪಗೆ ಹೊಳೆಯುತ್ತಿತ್ತು. ಕೊಡುವಾಗ ಇವನ ಮುಖ ನೋಡಲಿಲ್ಲ, ಕಿಟಕಿಯಾಚೆಯ ಹುರುಳಿ ಹೊಲ ನೋಡಿದರು. ನೋಡು, ಕಣ್ಣು ಕೊಡಲಾಗದು ಎಂದುಕೊಂಡ ಮುದ್ದಯ್ಯ. "ಮೈಸೂರಿಗೆ. ಮುಂದಿನ ತಿಂಗಳು ಕರೆಯುತ್ತಾರೆ. ಈ ಸಲ ಉದ್ದವಾಗಿ ಬರೆದಿದ್ದೇನೆ. ನೀರು ತಾಗಿಸಬೇಡ." ಉದ್ದವಾಗಿ! ಮೂರು ಸಲದ್ದು ಸಾಲದೆ ಈ ಸಲ ಉದ್ದವಾಗಿ. ಈಗ ಕೇಳಿಬಿಡಬೇಕು, ಯಾಕೆ ಹೀಗೆ ಮಾಡಿದಿರಿ ಎಂದು ಅಂಗಿ ಹಿಡಿದು ಕೇಳಬೇಕು. ಕೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಮಾತು ಬರುತ್ತದೆ. ಎರಡು ಕೈಯಲ್ಲೂ ಲಕೋಟೆ ಇಸಿದುಕೊಂಡು, ಯಾವಾಗಿನಂತೆ, ಕಣ್ಣಿಗೊತ್ತಿಕೊಂಡ. ಕೈಗೆ ಅದೇ ರೂಢಿ. ಹೊರಡುವಾಗ ಫಾದರ್ ಬೆರ್ನೋ ಬಾಗಿಲವರೆಗೂ ಬಂದರು, ಬರುವ ವಾಡಿಕೆ ಇರಲಿಲ್ಲ. "ತಾಯಿಗೆ ಹೇಳು, ಕಳಿಸಿದ ಬೆಲ್ಲ ಬಹಳ ಚೆನ್ನಾಗಿತ್ತು," ಎಂದರು.

ಬಿಸಾಕಬೇಕೆಂದೇ ಇಗರ್ಜಿಯಿಂದ ಹೊರಟದ್ದು. ಮದ್ದೂರಿನ ಹೊಳೆಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿಯೂ ಹಾಕಿದ. ಆದರೆ ಯಾಕೋ ಒಯ್ದು ನಿಡಘಟ್ಟದಲ್ಲಿ ಅವ್ವನ ಕೈಗೇ ಕೊಟ್ಟ. ಇದು ಕೊನೆಯ ಲಕೋಟೆ, ಇದಕ್ಕೂ ಅವಳು ಅರಿಸಿನ ಹಚ್ಚಲಿ, ಅದನ್ನು ನೋಡಿಕೊಂಡು ನಾನು ಇನ್ನಷ್ಟು ಉರಿಯುತ್ತೇನೆ ಎಂಬ ಹಟವೋ ಏನೋ. ದೇವಿರಮ್ಮ ಕೈ ತೊಳೆದು ಬಂದು ಈಸಿಕೊಂಡಳು. "ಅಮಾಸೆ ಹತ್ರ ಅದೆ ಕಣ್ಲಾ, ಈಗ ತಕಂಡೋಗ್ಬೇಡ. ದ್ಯಾವ್ರ ತಾವ್ಲೇ ಇರ್ಲಿ. ಅಮಾಸೆ ಕಳುದ್ಮೇಕೆ ಬಂದ್ ತಕಂಡೋಗು," ಎಂದು ಗೂಡಿನಲ್ಲಿಟ್ಟಳು. ಅವಳ ಹೆಬ್ಬೆರಳು ನಾಲ್ಕು ಮೂಲೆಗೂ ಹೋಗಿ ಬರುವುದನ್ನು ಮುದ್ದಯ್ಯ ನಿಂತು ನೋಡಿದ. ನೋಡಿ, ಸ್ವಾಮಿಗಳು ಬೆಲ್ಲ ಚೆನ್ನಾಗಿತ್ತು ಅಂದರು ಎಂದು ಹೇಳಿ, ಬಸ್ಸಿಗೆ ಬಂದ.

ಹನ್ನೊಂದು ದಿನ ಏನೂ ಆಗಲಿಲ್ಲ. ಏನೂ ಆಗುವುದಿಲ್ಲ, ಆ ವರದಿ ಎಲ್ಲೋ ಮೇಜಿನ ಕೆಳಗೆ ಬಿದ್ದಿದೆ ಎಂದು ಧೈರ್ಯ ಬರತೊಡಗಿತ್ತು. ಧೈರ್ಯ ಬಂದ ಹಾಗೆ ಕೋಪವೂ ಇಳಿಯುತ್ತಿತ್ತು. ಪಾಠದ ನಡುವೆ ಒಂದು ಹೊಸ ಮಾತು ಕಿವಿಗೆ ಬಿದ್ದು, ಕೈ ತಾನಾಗಿ ಜೇಬಿನ ಪೆನ್ಸಿಲಿಗೆ ಹೋದದ್ದೂ ಉಂಟು. ಹನ್ನೆರಡನೆಯ ದಿನ ಗುರುವಾರ, ಜಹಾಂಗೀರ್ ಮತ್ತೆ ಹುಣಿಸೆಮರದ ಕೆಳಗೆ ನಿಂತಿದ್ದ. ಸೈಕಲ್ಲಿಗೆ ಸ್ಟ್ಯಾಂಡು ಹಾಕಲಿಲ್ಲ.

"ನಿನ್ನೆ ಎತ್ತಾಕಂಡೋದ್ರು ಕಣ್ಲಾ ಸ್ವಾಮೀನ. ಪೋಲೀಸ್ ವ್ಯಾನ್ನಾಗೆ. ಆ ಅಂತೋಣೀನೂ ಇಡ್ಕಂಡವ್ರೆ. ಪುಸ್ತಕ, ಚೀಟಿ, ಎಲ್ಲಾ ಮೂಟೆ ಕಟ್ಟಿ ಸೀಲ್ ಮಾಡವ್ರಂತೆ." ಜಹಾಂಗೀರ್ ಮುಖವನ್ನೇ ನೋಡುತ್ತಿದ್ದ. "ಎರಡ್ ಸಾಲ್ ಗೀಚು ಅಂದಿದ್ನಲ್ಲೋ ಮುದ್ದ. ಯಾಕ್ಲಾ ಹಂಗ್ ಬರ್ದೆ?"

"ಇದ್ದದ್ದನ್ನ ಬರೆದೆ."

"ಅವ್ರ್ ಬರ್ದಿದ್ರು ಸರಿ. ನೀನ್ಯಾಕ್ ಬರ್ದೆ?"

ಜಹಾಂಗೀರ್ ಹೋಗಿಬಿಟ್ಟ, ಬತ್ತೀನಿ ಎಂದೂ ಅನ್ನಲಿಲ್ಲ. ಮುದ್ದಯ್ಯ ರಜೆಚೀಟಿಯನ್ನೂ ಬರೆದಿಡದೆ ಸ್ಟೇಷನ್ನಿಗೆ ನಡೆದು, ಮದ್ದೂರಿನಲ್ಲಿ ಇಳಿದು, ಅಲ್ಲಿಂದ ಜಟಕಾದಲ್ಲಿ ನಿಡಘಟ್ಟಕ್ಕೆ ಹೋದ. ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಆ ಉದ್ದವಾದ ಚಾಡಿಯನ್ನು ಒಂದು ಸಲ ಕಣ್ಣಾರೆ ನೋಡಿಬಿಟ್ಟರೆ, ಮಾಡಿದ್ದು ಸರಿ ಎನಿಸುತ್ತದೆ, ಇವತ್ತು ಉಂಡ ಅನ್ನ ಮೈಗೆ ಹತ್ತುತ್ತದೆ ಎಂದಷ್ಟೇ ಒಳಗೆ ಒಂದು ಆಸೆ. ಬರೆದಿರಲಿ ದೇವರೇ, ಕೆಟ್ಟದಾಗಿಯೇ ಬರೆದಿರಲಿ ಎಂದು, ಜಟಕಾ ಕುಲುಕಿದಾಗಲೆಲ್ಲ, ಬೇಡಿಕೊಂಡ. ಮೂರು ಸಲ ಒಳ್ಳೆಯದು ಬರೆದಿರಲಿ ಎಂದು ಬೇಡಿಕೊಂಡಿದ್ದ ದಾರಿ ಅದೇ.

ದೇವಿರಮ್ಮ ಒಲೆಯ ಮುಂದಿದ್ದಳು. ಮುದ್ದೆಗೆ ಎಸರು ಕುದಿಯುತ್ತಿತ್ತು. ಇವನು ನೇರ ಗೂಡಿಗೆ ಹೋಗಿ ಲಕೋಟೆ ತೆಗೆದು, ಹೆಬ್ಬೆರಳು ತೂರಿಸಿ, ಅರಗು ಒಡೆದ. ಚೂರುಗಳು ನೆಲಕ್ಕೆ ಬಿದ್ದವು.

"ಅಯ್ಯೋ ನಿನ್ನ! ಅದ್ಯಾಕ್ಲಾ ಒಡ್ದೆ? ಕಾಲೇಜ್ ಸಾಯೇಬ್ರಲ್ವಾ ಒಡೀಬೇಕಿದ್ದಿದ್ದು?"

ಕಾಗದ ಎರಡು ಹಾಳೆ, ನಾಲ್ಕು ಪುಟ. ಅಕ್ಷರ ನಡುಗಿತ್ತು, ಆದರೆ ಒಂದು ಕಡೆಯೂ ಹೊಡೆದು ಹಾಕಿರಲಿಲ್ಲ. "ಈ ಮನುಷ್ಯನ ಬಗ್ಗೆ ಮೂರು ಸಲ ನಿಮಗೆ ಸುಳ್ಳು ಬರೆದಿದ್ದೇನೆ. ನನ್ನ ನಿಘಂಟಿನ ಆಸೆಯಿಂದ, ಅವನು ನನ್ನ ಕೈ ಬಿಟ್ಟು ಹೋಗದಿರಲಿ ಎಂದು ಬರೆದೆ. ಅದು ಪಾಪ, ಅದಕ್ಕೆ ಬೇರೆ ಹೆಸರಿಲ್ಲ. ಸತ್ಯ ಇದು: ನನ್ನ ಭಾಷೆಯನ್ನು ಇವನಷ್ಟು ಚೆನ್ನಾಗಿ ಓದುವವರನ್ನು ನಾನು ನನ್ನ ದೇಶದಲ್ಲೂ ಕಂಡಿಲ್ಲ. ನಾನು ಕಲಿಸಿದ್ದು ಅಕ್ಷರ ಮಾತ್ರ. ವಿವೇಕ ಅವನು ತಾಯಿಯ ಮನೆಯಿಂದ ತಂದದ್ದು. ಅವನ ಕೈಗೆ ಬಂದ ಕಾಗದದಲ್ಲಿ ಒಂದು ಸಾಲೂ ಕಳೆದುಹೋಗುವುದಿಲ್ಲ. ಅವನಿಗೆ ಈ ಕೆಲಸ ಕೊಡಿ. ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ, ಅವನು ಹೊರಡುವ ದಿನ ಹೇಳುತ್ತೇನೆ." ಮೂರನೆಯ ಪುಟದಲ್ಲಿ ಇವನ ಪ್ರಬಂಧದ ಮಾತು, ಒಂದೊಂದು ಅಧ್ಯಾಯವನ್ನೂ ಓದಿ, ಎಲ್ಲಿ ಚೆನ್ನ, ಎಲ್ಲಿ ಇನ್ನೂ ಚೆನ್ನ. ನಾಲ್ಕನೆಯ ಪುಟಕ್ಕೆ ಹೋಗಲು ಮುದ್ದಯ್ಯನಿಂದ ಆಗಲಿಲ್ಲ.

ಕೆಲಸ ಈಗ ಯಾರು ಕೊಡುತ್ತಾರೆ, ಕ್ಯಾಂಪಿನಲ್ಲಿರುವವನ ಶಿಫಾರಸಿಗೆ? ಆ ಯೋಚನೆ ಒಂದು ಬಂತು, ನೊಣದ ಹಾಗೆ ಬಂದು ಹೋಯಿತು. ಉಳಿದದ್ದು ಆ ಗೋಂದಿನ ಬಟ್ಟಲಿನ ಮುಚ್ಚಳ. ಇನ್ನು ಮೇಲೆ ಅಭ್ಯಾಸವಾಗಬೇಕು ಎಂದಿದ್ದರು. ಬಾಗಿಲವರೆಗೂ ಬಂದಿದ್ದರು.

"ಏನ್ ಬರ್ದವ್ರೆ ಅಂತ ಏಳ್ಲಾ, ಬಾಯಿಲ್ವಾ ನಿಂಗೆ?" ದೇವಿರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳಿಗೆ ಓದು ಬಾರದು. ಅಕ್ಷರ ಇದ್ದ ಕಡೆಯೆಲ್ಲ ಅವಳು ಮಗನ ಮುಖವನ್ನೇ ಓದುವುದು. "ಸ್ವಾಮಿಗುಳು ಏನ್ ಬರ್ದವ್ರೆ ನಿನ್ ಬಗ್ಗೆ? ನಂಗೂ ಒಸಿ ಕೇಳುಸ್ಲಾ. ಇಷ್ಟ್ ವರ್ಸದಿಂದ ಅರ್ಸಿನ ಹಚ್ತಾ ಇವ್ನಿ, ಒಂದ್ಸಲನಾದ್ರೂ ಏಳ್ದ್ಯಾ?"

ಮುದ್ದಯ್ಯ ಕಾಗದದ ಮೇಲೆ ಕಣ್ಣಿಟ್ಟ. ಬಾಯಿ ತೆರೆದರೆ ಬಂದದ್ದು ಬೇರೆ ಕಾಗದದ ಸಾಲು.

"ನೆನಪಿನ ಶಕ್ತಿ ಅದೆ, ವಿವೇಚನೆ ಇಲ್ಲ ಅಂತ ಬರ್ದವ್ರೆ ಕಣವ್ವ. ನಕಲು ಮಾಡೋಕ್ ಮಾತ್ರ ಲಾಯಕ್ಕು ಅಂತ."

ಹಿಂದೆ ಎಸರು ಉಕ್ಕಿ ಒಲೆಗೆ ಸುರಿಯಿತು, ದೇವಿರಮ್ಮ ತಿರುಗಿ ನೋಡಲಿಲ್ಲ.

"ನಿಂಗಾ? ನಿಂಗ್ ಹಂಗಂದ್ನಾ?" ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮನೆ ಬೆಲ್ಲ ತಿಂದು, ನಿನ್ನ ಕೈಲಿ ಚಾಕ್ರಿ ಮಾಡುಸ್ಕಂಡು, ಹಂಗಂದ್ನಾ ಆ ಗಡ್ಡದೋನು? ನಂಬುಸಿ ಕತ್ ಕುಯ್ದ ಕಣ್ಲಾ ಮಗ. ಗುರು ಅಂತಿದ್ಯಲ್ಲೋ, ದ್ಯಾವ್ರಂಗ್ ನಂಬಿದ್ಯಲ್ಲೋ! ಅಂತೋನು ಉದ್ದಾರ ಆದಾನಾ? ಕೇಳೋರಿಲ್ದಂಗೆ, ಕಂಬಿ ಹಿಂದ್ಗಡೆ ಬಿದ್ದು ಸಾಯ್ಲಿ ಅವ್ನು."

"ಬುಡವ್ವ."

"ಯಾಕ್ ಬುಡ್ಲಿ? ತತ್ತಾ ಇಲ್ಲಿ ಅದ್ನ. ನಾನ್ ಅರ್ಸಿನ ಹಚ್ಚಿದ್ದು, ನಾನೇ ಒಲೆಗ್ ಆಕ್ತೀನಿ."

ಅವಳು ಕೈ ಚಾಚಿ ನಿಂತಿದ್ದಳು. ಹೆಬ್ಬೆರಳಿನಲ್ಲಿ ಬೆಳಗಿನ ಪೂಜೆಯ ಹಳದಿ ಇತ್ತು. ಅಲ್ಲ ಕಣವ್ವ, ನಾನು ಸುಳ್ಳು ಹೇಳಿದೆ ಎನ್ನಲು ಒಂದು ಉಸಿರಿನಷ್ಟು ಹೊತ್ತಿತ್ತು. ಮುದ್ದಯ್ಯ ಎರಡೂ ಹಾಳೆಗಳನ್ನು ಮೊದಲಿದ್ದಂತೆಯೇ ಮಡಿಸಿ ಅವಳ ಕೈಗೆ ಕೊಟ್ಟ.